ಲಿಫ್ಟ್ ಇಲ್ಲದ ಇಳಿಜಾರು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್ (1,917 ಮೀಟರ್) ಬಿರುಗಾಳಿಗೆ ಹೆಸರುವಾಸಿ. 1934ರ ಏಪ್ರಿಲ್‌ನಲ್ಲಿ ಅಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿ ದಾಖಲಾಗಿತ್ತು. ಚಳಿಗಾಲವಿಡೀ ಆ ಗಾಳಿ ಬೋಳು ನೆತ್ತಿಯ ಹಿಮವನ್ನೆಲ್ಲ ಗುಡಿಸಿ ಬೆಟ್ಟದ ಮಗ್ಗುಲಲ್ಲಿರುವ ಟಕರ್‌ಮನ್ ಕಮರಿಗೆ ಸುರಿಯುತ್ತದೆ. ಸುತ್ತಲ ತಗ್ಗುಗಳಲ್ಲಿ ಹಿಮ ಕರಗತೊಡಗಿದಾಗ ಇಲ್ಲಿ ಸ್ಕೀಯರ್‌ಗಳ ಸುಗ್ಗಿ.

ಯಂತ್ರ ಹಾಯಿಸಿ ಹದಮಾಡಿದ ಹಾದಿ ಇಲ್ಲಿಲ್ಲ. ಹದ ಮಾಡುವುದು ಬಿಸಿಲೇ. ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಮೇಲ್ಪದರ ಕಲ್ಲುಪ್ಪಿನಂತೆ ಹರಳುಗಟ್ಟುತ್ತದೆ. ಬೆಳಿಗ್ಗೆ ಬೇಗ ಇಳಿದರೆ ಗಡುಸು ಮಂಜುಗಡ್ಡೆ, ತಡಮಾಡಿದರೆ ಕೆಸರುಹಿಮ.

1914ರಲ್ಲಿ ಜಾನ್ ಆ್ಯಪರ್‌ಸನ್ ಇಲ್ಲಿ ಸ್ಕೀ ಮಾಡಿದ. ಕಮರಿಯ ಕಡಿದಾದ ಹೆಡ್‌ವಾಲ್ ಗೋಡೆಯನ್ನು 1931ರಲ್ಲಿ ಚಾರ್ಲಿ ಪ್ರಾಕ್ಟರ್, ಜಾನ್ ಕಾರ್ಲ್‌ಟನ್ ಮೊದಲ ಬಾರಿಗೆ ಇಳಿದರು. 1933ರಲ್ಲಿ ಶಿಖರದಿಂದ ಬುಡದವರೆಗಿನ ಇನ್ಫರ್ನೋ ಎಂಬ ಸ್ಕೀ ಓಟ ಶುರುವಾಯಿತು.

1939ರ ಓಟದಲ್ಲಿ ಹತ್ತೊಂಬತ್ತರ ಆಸ್ಟ್ರಿಯನ್ ಹುಡುಗ ಟೋನಿ ಮ್ಯಾಟ್ ಗೋಡೆಯ ಅಂಚಿನಲ್ಲಿ ತಿರುವು ತೆಗೆದುಕೊಳ್ಳದೆ ನೇರವಾಗಿ ಧುಮುಕಿಬಿಟ್ಟ. 6 ನಿಮಿಷ 29.2 ಸೆಕೆಂಡಿನಲ್ಲಿ ಬುಡ ತಲುಪಿದ!

ಇಂದಿಗೂ ಇಲ್ಲಿ ಲಿಫ್ಟ್ ಇಲ್ಲ. ಬೆಟ್ಟದ ಬುಡದ ಪಿಂಕಮ್ ನಾಚ್‌ನಿಂದ ಸ್ಕೀಗಳನ್ನು ಬೆನ್ನಿಗೇರಿಸಿಕೊಂಡು ಸುಮಾರು 5 ಕಿ.ಮೀ. ಏರಬೇಕು. ವಸಂತ ಮಾಗಿದಂತೆ ಮೇಲಿನಿಂದ ಮಂಜುಗಡ್ಡೆಯ ಬಂಡೆಗಳು ಉರುಳುತ್ತವೆ, ಹಿಮದಲ್ಲಿ ಆಳವಾದ ಬಿರುಕುಗಳು ಬಾಯಿ ತೆರೆಯುತ್ತವೆ. ಆಗ ಅರಣ್ಯ ಇಲಾಖೆ ಹೆಡ್‌ವಾಲ್ ದಾಟುವ ಹಾದಿಯನ್ನು ಮುಚ್ಚುತ್ತದೆ.