ಕಳಿಸಿದರೆ ಸಾಲದು, ತಲುಪಬೇಕು

ಮಧುಗಿರಿಯ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಒಂದು ಜಮೀನಿನ ಕ್ರಯಪತ್ರ ನೋಂದಣಿಯಾಯಿತು ಎನ್ನಿ. ಕೊಂಡವರ ಹೆಸರು ಪಹಣಿಗೆ ಏರಬೇಕಾದರೆ ಆ ಸಂಗತಿ ತಹಸೀಲ್ದಾರರ ಕಚೇರಿಗೆ ಮುಟ್ಟಬೇಕು. ಮುಟ್ಟಿಸುವ ಚೀಟಿಗೆ ‘ಜೆ ಸ್ಲಿಪ್’ ಎಂದು ಹೆಸರು. ಕಾಗದದ ಕಾಲದಲ್ಲಿ ಆ ಚೀಟಿ ನಡುದಾರಿಯಲ್ಲಿ ಉಳಿದರೆ ಖಾತೆ ಬದಲಾವಣೆಯೂ ಅಲ್ಲೇ ನಿಲ್ಲುತ್ತಿತ್ತು. ದುಡ್ಡು ಕೊಟ್ಟ ರೈತ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ. ಈಗ ನೋಂದಣಿಯ ‘ಕಾವೇರಿ’ಯಿಂದ ಪಹಣಿಯ ‘ಭೂಮಿ’ಗೆ ಅದೇ ಮಾಹಿತಿ ಗಣಕದಿಂದ ಗಣಕಕ್ಕೆ ಹೋಗುತ್ತದೆ. ಸಾಧನ ಬದಲಾಗಿದೆ, ಪ್ರಶ್ನೆ ಹಳೆಯದೇ: ಕಳಿಸಿದ್ದು ತಲುಪಿತೆ?

ಈ ಪ್ರಶ್ನೆಗೆ ಸರ್ಕಾರಿ ಕಚೇರಿಗಳು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದವು. ಟಪಾಲು ವಹಿಯಲ್ಲಿ ಕಾಗದ ಹೊರಟ ದಿನ, ಯಾರಿಗೆ, ಲಗತ್ತು ಎಷ್ಟು, ತೆಗೆದುಕೊಂಡವರ ಸಹಿ ಎಲ್ಲವೂ ಇರುತ್ತಿತ್ತು. ತುರ್ತಾದರೆ ‘ಮುದ್ದಾಂ’ ಆಳು ಕೈಯಲ್ಲೇ ಕೊಟ್ಟು ಸಹಿ ತರುತ್ತಿದ್ದ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಒಂದೇ ಉಪವಿಭಾಗಕ್ಕೂ ಒಂದೇ ಶೈಕ್ಷಣಿಕ ಜಿಲ್ಲೆಗೂ ಸೇರಿದ ತಾಲ್ಲೂಕುಗಳು. ಆದರೆ ಬಹುಪಾಲು ಆಂಧ್ರದ ನೆಲ ಸುತ್ತುವರಿದ ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಇಂಥ ದೂರದಲ್ಲಿ ವಹಿಯೇ ನಂಬಿಕೆ. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಗಣಕಗಳಲ್ಲಿ ಫೈಲ್ ರವಾನೆಯನ್ನು ಸ್ವಯಂಚಾಲಿತಗೊಳಿಸಿದ ಐದು ದಶಕಗಳನ್ನು ಹಿಂತಿರುಗಿ ನೋಡಿದರೆ, ಅದು ಟಪಾಲು ಗುಮಾಸ್ತನ ಶಿಸ್ತನ್ನು ಯಂತ್ರಕ್ಕೆ ಒಂದೊಂದಾಗಿ ಕಲಿಸಿದ ಕಥೆ ಎನಿಸುತ್ತದೆ.

ಸರದಿಯಲ್ಲಿ ಕಾಯುವ ಯುಯುಸಿಪಿ

ಮೊದಲ ಪಾಠ ಕಾಯುವುದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ 1970ರ ದಶಕದ ನಡುವೆ ರೂಪಿಸಿದ ಯುಯುಸಿಪಿ, 1979ರ ಏಳನೆಯ ಆವೃತ್ತಿಯ ಯುನಿಕ್ಸ್ ಜೊತೆ ಹೊರಬಂತು. ಆಜ್ಞೆ ಕೊಟ್ಟ ಕ್ಷಣದಲ್ಲೇ ಅದು ಫೈಲ್ ಕಳಿಸುತ್ತಿರಲಿಲ್ಲ, ಸರದಿಯಲ್ಲಿ ಇಡುತ್ತಿತ್ತು. ನಿಗದಿತ ಹೊತ್ತಿಗೆ ಮೋಡೆಮ್ ಮೂಲಕ ಆಚೆಯ ಗಣಕಕ್ಕೆ ಕರೆ ಮಾಡಿ, ಸರದಿಯಲ್ಲಿದ್ದುದನ್ನೆಲ್ಲ ದಾಟಿಸುತ್ತಿತ್ತು. ಲೈನ್ ಸಿಗದಿದ್ದರೆ ಮತ್ತೆ ಪ್ರಯತ್ನ. ರಾತ್ರಿ ದರ ಇಳಿಯುವವರೆಗೆ ಎಸ್‌ಟಿಡಿ ಬೂತಿನ ಮುಂದೆ ಕಾದು ನಿಂತವರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ.

ಭಾರತದ ಕಂಪ್ಯೂಟರ್ ಜಾಲವೂ ಇದೇ ದಾರಿಯಲ್ಲಿ ಕಣ್ಣು ಬಿಟ್ಟಿತು. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 1987ರಲ್ಲಿ ಮುಂಬಯಿಯ ಎನ್‌ಸಿಎಸ್‌ಟಿ ಮತ್ತು ಐಐಟಿ ನಡುವೆ ಮೊದಲ ಇಮೇಲ್‌ಗಳು ಓಡಾಡಿದ್ದು ಯುಯುಸಿಪಿ ಮೇಲೆಯೇ.

ಆಗ ಭಾರತೀಯ ಭಾಷೆಗಳಿಗೆ ಬೇರೊಂದು ತೊಡಕಿತ್ತು. ಇಸ್ಕಿ ಸಂಕೇತದಲ್ಲಿ ನಮ್ಮ ಅಕ್ಷರಗಳು ಕುಳಿತಿದ್ದು 128ರ ಮೇಲಿನ ಸ್ಥಾನಗಳಲ್ಲಿ. ಅಂದರೆ ಎಂಟನೆಯ ಬಿಟ್ ಇಲ್ಲದೆ ಕನ್ನಡವೇ ಇಲ್ಲ. ಏಳೇ ಬಿಟ್ ಸಾಗಿಸುವ ಅಂಚೆ ಮಾರ್ಗದಲ್ಲಿ ಅಂಥ ಫೈಲ್ ಹೋದರೆ ಆ ತುದಿಗೆ ಸಿಗುವುದು ಕಸ. ಫೈಲನ್ನು ಸಾದಾ ಇಂಗ್ಲಿಷ್ ಅಕ್ಷರಗಳ ವೇಷ ತೊಡಿಸಿ ಕಳಿಸುವ ಯುಯುಎನ್‌ಕೋಡ್ ಅದನ್ನು ಕಾಯುತ್ತಿತ್ತು. ಲಕೋಟೆ ತಲುಪಿದರೆ ಸಾಲದು, ಒಳಗಿನ ಅಕ್ಷರವೂ ಕೆಡದೆ ತಲುಪಬೇಕು ಎಂಬುದು ಎರಡನೆಯ ಪಾಠ.

ಮನುಷ್ಯನಿಗೆಂದು ಮಾಡಿದ ಎಫ್‌ಟಿಪಿ

ಗಣಕಗಳ ನಡುವೆ ಫೈಲ್ ಸಾಗಿಸುವ ನಿಯಮಾವಳಿಯಾದ ಎಫ್‌ಟಿಪಿಯ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ, ಎಂಐಟಿಗೆ ಹೋದವರು. ಇಂದು ಬಳಕೆಯಲ್ಲಿರುವ ಎಫ್‌ಟಿಪಿಯ ಮುಖ್ಯ ನಿಯಮಾವಳಿ 1985ರ ಅಕ್ಟೋಬರ್‌ನದು.

ಯುನಿಕ್ಸ್‌ನ ಎಫ್‌ಟಿಪಿ ಆಜ್ಞೆ ಕೀಲಿಮಣೆಯ ಮುಂದೆ ಮನುಷ್ಯ ಕೂತಿದ್ದಾನೆ ಎಂದು ನಂಬಿ ಮಾಡಿದ್ದು. ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ, ಹತ್ತು ಫೈಲ್ ಕಳಿಸು ಎಂದರೆ ಹತ್ತು ಬಾರಿ ‘ಕಳಿಸಲೆ?’ ಎನ್ನುತ್ತದೆ. ನಡುರಾತ್ರಿ ಎರಡು ಗಂಟೆಗೆ ಉತ್ತರ ಕೊಡುವವರು ಯಾರು? ನಿರ್ವಾಹಕರು ಮೂರು ದಾರಿ ಕಂಡುಕೊಂಡರು. ಒಂದು, ಕೊಡಬೇಕಾದ ಉತ್ತರಗಳನ್ನೆಲ್ಲ ಶೆಲ್ ಸ್ಕ್ರಿಪ್ಟ್‌ನಲ್ಲೇ ಸಾಲಾಗಿ ಬರೆದು ಆಜ್ಞೆಗೆ ಉಣಿಸುವುದು. ಎರಡು, ‘ನೆಟ್‌ಆರ್‌ಸಿ’ ಎಂಬ ಗುಪ್ತ ಫೈಲಿನಲ್ಲಿ ಹೆಸರು, ಪಾಸ್‌ವರ್ಡ್ ಇಡುವುದು. ಅದನ್ನು ಬೇರೆಯವರು ಓದುವಂತಿದ್ದರೆ ಎಫ್‌ಟಿಪಿ ಆ ಪಾಸ್‌ವರ್ಡನ್ನು ಮುಟ್ಟಲು ಒಪ್ಪುತ್ತಿರಲಿಲ್ಲ. ಮೂರು, 1990ರಲ್ಲಿ ಡಾನ್ ಲಿಬ್ಸ್ ಬರೆದ ಎಕ್ಸ್‌ಪೆಕ್ಟ್. ಪರದೆಯಲ್ಲಿ ಬಂದ ಪ್ರಶ್ನೆಯನ್ನು ಓದಿ, ಅದಕ್ಕೆ ತಕ್ಕ ಉತ್ತರವನ್ನು ತಾನೇ ಟೈಪಿಸುವ ಸಾಧನ ಅದು.

ಗಂಟೆ ಬಾರಿಸುವ ಕೆಲಸ, ಎಂದರೆ ನಿಗದಿತ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಕೆಲಸ, ಯುನಿಕ್ಸ್‌ನ ಕ್ರಾನ್‌ನದು. ಈಗ ‘ಹದಿನೈದು ನಿಮಿಷಕ್ಕೊಮ್ಮೆ’ ಎಂದು ಬರೆಯಲು ಅದರಲ್ಲಿ ಕಿರುಗುರುತು ಇದೆ. ಹಳೆಯ ಸಿಸ್ಟಮ್ ಫೈವ್ ಯುನಿಕ್ಸ್ ಯಂತ್ರಗಳಿಗೆ ಅದು ತಿಳಿಯದು. 0,15,30,45 ಎಂದು ಬಿಡಿಸಿ ಬರೆಯಬೇಕು. ಕೈಯಲ್ಲಿ ಓಡಿಸಿದಾಗ ಸರಿಯಿದ್ದ ಸ್ಕ್ರಿಪ್ಟ್ ಕ್ರಾನ್‌ನಡಿ ಬಿದ್ದುಹೋಗುವುದೂ ಸಾಮಾನ್ಯ, ಏಕೆಂದರೆ ಆಜ್ಞೆಗಳು ಎಲ್ಲಿವೆ ಎಂಬ ದಾರಿಪಟ್ಟಿ ಕ್ರಾನ್‌ಗೆ ಪೂರ್ತಿ ಗೊತ್ತಿರುವುದಿಲ್ಲ. ಪ್ರತಿ ಆಜ್ಞೆಗೂ ಪೂರ್ಣ ವಿಳಾಸ ಬರೆಯುವ ರೂಢಿ ಬಂದದ್ದು ಹೀಗೆ.

ಸದ್ದಿಲ್ಲದ ಸೋಲು

ಈ ಇತಿಹಾಸದಲ್ಲಿ ನಾನು ಅತಿ ಮುಖ್ಯವೆಂದು ತಿಳಿದಿರುವ ಘಟ್ಟ ಇದು. ಯುನಿಕ್ಸ್‌ನಲ್ಲಿ ಕೆಲಸ ಮುಗಿಸಿದ ಆಜ್ಞೆ ಒಂದು ಅಂಕಿ ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಎಲ್ಲ ಸುಸೂತ್ರ. ಆದರೆ ಹಳೆಯ ಎಫ್‌ಟಿಪಿ ಆಜ್ಞೆ ಪಾಸ್‌ವರ್ಡ್ ತಪ್ಪಿದರೂ, ಆಚೆಯ ಡಿಸ್ಕ್ ತುಂಬಿದ್ದರೂ ಎಷ್ಟೋ ಬಾರಿ ಸೊನ್ನೆಯನ್ನೇ ಕೊಡುತ್ತಿತ್ತು. ಸ್ಕ್ರಿಪ್ಟ್ ಅದನ್ನು ನಂಬಿ ಮೂಲ ಫೈಲನ್ನು ಅಳಿಸಿಬಿಟ್ಟರೆ ಎರಡೂ ಕಡೆ ಶೂನ್ಯ.

ಹಾಗಾಗಿ ಅನುಭವಿಗಳು ಎಫ್‌ಟಿಪಿ ನಡೆಸಿದ ಮಾತುಕತೆಯನ್ನೆಲ್ಲ ಲಾಗ್ ಫೈಲಿಗೆ ಇಳಿಸಿ ಹುಡುಕುತ್ತಿದ್ದರು. 226 ಸಿಕ್ಕರೆ ರವಾನೆ ಪೂರ್ಣ, 530 ಬಂದಿದ್ದರೆ ಒಳಗೇ ಬಿಟ್ಟಿಲ್ಲ, 550 ಎಂದರೆ ಫೈಲ್ ಸಿಗಲಿಲ್ಲ. ಇದೇ ಯಂತ್ರದ ಸಹಿ. ಅರ್ಧ ಬಂದ ಫೈಲನ್ನು ಆಚೆಯವರು ಎತ್ತಿಕೊಳ್ಳದಂತೆ ಮೊದಲು ತಾತ್ಕಾಲಿಕ ಹೆಸರಲ್ಲಿ ಕಳಿಸಿ, ಪೂರ್ತಿ ಮುಟ್ಟಿದ ಮೇಲೆ ನಿಜ ಹೆಸರಿಡುತ್ತಿದ್ದರು. ಕೊನೆಯ ಸಾಲಿನಲ್ಲಿ ಒಟ್ಟು ದಾಖಲೆ ಎಷ್ಟು, ಮೊತ್ತ ಎಷ್ಟು ಎಂದು ಬರೆಯುತ್ತಿದ್ದರು. ಪತ್ರದ ಅಡಿಯಲ್ಲಿ ‘ಲಗತ್ತು: 5’ ಎಂದು ಬರೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬೀಗವೂ ಉಳಿತಾಯವೂ

ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ತೆರೆದ ಅಂಚೆ ಕಾರ್ಡಿನಂತೆ ಸಾಗುತ್ತದೆ, ನಡುವೆ ಯಾರೂ ಓದಬಹುದು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವಾದಾಗ ಅಲ್ಲಿನ ಟಾಟು ಇಲೋನೆನ್, ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬರೆದರು. ಮುಕ್ತ ರೂಪವಾದ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಬಂತು. ಪಾಸ್‌ವರ್ಡ್ ಬದಲು ಕೀಲಿಜೋಡಿ ಬಂದದ್ದರಿಂದ, ಪ್ರಶ್ನೆಗೆ ಉತ್ತರ ಉಣಿಸುವ ಕಸರತ್ತು ಮುಗಿಯಿತು. ಸೋತರೆ ಸೋತೆನೆಂದು ಹೇಳುವ ಆಜ್ಞೆಗಳೂ ಸಿಕ್ಕವು.

1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಆರ್‌ಸಿಂಕ್ ಕೊಟ್ಟರು. ಎರಡೂ ತುದಿಯ ಪ್ರತಿಗಳನ್ನು ತುಂಡು ತುಂಡಾಗಿ ತಾಳೆ ನೋಡಿ, ಬದಲಾದ ಭಾಗವನ್ನಷ್ಟೇ ಅದು ಕಳಿಸುತ್ತದೆ. ಸಣ್ಣ ಲೈನಿನ ಊರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಆಗಲಿಲ್ಲ. ಇಂದಿನ ತೊಡಕು ತಲೆಕೆಳಗಾದದ್ದು: ಹಳೆಯ ಯುನಿಕ್ಸ್ ಯಂತ್ರದ ಬೀಗಗಳನ್ನು ಹೊಸ ಸರ್ವರ್‌ಗಳು ಒಪ್ಪುವುದಿಲ್ಲ. ಎರಡೂ ಭಾಷೆ ಬಲ್ಲ ಒಂದು ಗಣಕವನ್ನು ನಡುವೆ ನಿಲ್ಲಿಸಿ ದಾಟಿಸಬೇಕಾಗುತ್ತದೆ.

ಹದಿನೈದು ನಿಮಿಷದ ಲೆಕ್ಕ

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದೆಲ್ಲ ಏಕೆ? ‘ಭೂಮಿ’ ಯುನಿಕ್ಸ್ ಮೇಲೆ ಕಟ್ಟಿದ್ದಲ್ಲ, ವಿಂಡೋಸ್ ಮೇಲೆ. ಮೊದಲಿಗೆ ದಾಖಲೆಗಳು ಆಯಾ ತಾಲ್ಲೂಕಿನ ಸರ್ವರ್‌ನಲ್ಲೇ ಇದ್ದವು. ಆಮೇಲೆ ಕೇಂದ್ರಕ್ಕೆ ಸೇರಿದವು. ಯಂತ್ರ ಯಾವುದಾದರೂ ರವಾನೆಯ ಧರ್ಮ ಒಂದೇ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ನೋಡಿ. ವಿದ್ಯುತ್ ಜಾಲದಲ್ಲಿ ದಿನವೆಂದರೆ ಹದಿನೈದು ನಿಮಿಷಗಳ 96 ಕಂತು. ಕಂತು ಕಂತಿಗೂ ಲೆಕ್ಕ ಒಪ್ಪಿಸಬೇಕು.

ಮಳೆಗೂ ಅದೇ ಲೆಕ್ಕ. ಹಿಂದೆ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಬರೆದುಕೊಂಡು ಮೇಲಕ್ಕೆ ತಿಳಿಸುತ್ತಿದ್ದರು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿಗಳಲ್ಲಿ ದೂರಸಂವೇದಿ ಮಳೆಮಾಪಕಗಳನ್ನು ನಿಲ್ಲಿಸಿತು. ಅವು ಹದಿನೈದು ನಿಮಿಷಕ್ಕೊಮ್ಮೆ ತಾವೇ ಮಾಹಿತಿ ಕಳಿಸುತ್ತವೆ.

ಅಂಥ ಒಂದು ಮಾಪಕದಿಂದ ಒಂದು ಸಲ ಏನೂ ಬರಲಿಲ್ಲ ಎನ್ನಿ. ಆಚೆಯ ಪ್ರೋಗ್ರಾಮ್ ಆ ಜಾಗದಲ್ಲಿ ಸೊನ್ನೆ ಬರೆದುಕೊಂಡರೆ ಅದು ಸುಳ್ಳು ದಾಖಲೆ. ಖಾಲಿ ಬಿಟ್ಟು, ‘ಇನ್ನೂ ತಲುಪಿಲ್ಲ’ ಎಂದು ಗುರುತಿಟ್ಟು ಮತ್ತೆ ಕೇಳಿದರೆ ಅದು ವಹಿ. ಕಡಲೆಕಾಯಿ ಬಿತ್ತಿ ಮುಗಿಲು ನೋಡುವ ಈ ಸೀಮೆಯಲ್ಲಿ ಮಳೆ ಬರಲಿಲ್ಲ ಎನ್ನುವುದು ಬೇರೆ, ಮಾಹಿತಿ ಬರಲಿಲ್ಲ ಎನ್ನುವುದು ಬೇರೆ. ರವಾನೆಯ ಸ್ಕ್ರಿಪ್ಟ್ ಬರೆಯುವವರು ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು.