ಇಳಕಲ್ಲಿನ ಹಳೆಯ ಓಣಿಗಳು: ಮನೆ, ಮಗ್ಗ, ಮಠ

ಇಳಕಲ್ಲ ಎಂದೊಡನೆ ನಾಡಿನ ಹೆಣ್ಣುಮಕ್ಕಳಿಗೆ ಸೀರೆಯ ನೆನಪಾಗುತ್ತದೆ, ಕಟ್ಟಡ ಕಟ್ಟುವವರಿಗೆ ಕೆಂಪು ಗ್ರಾನೈಟ್ ಕಲ್ಲಿನ ನೆನಪಾಗುತ್ತದೆ, ಶರಣ ಬಂಧುಗಳಿಗೆ ಚಿತ್ತರಗಿ-ಇಳಕಲ್ಲಿನ ಶ್ರೀ ವಿಜಯಮಹಾಂತೇಶ್ವರ ಸಂಸ್ಥಾನಮಠದ ನೆನಪಾಗುತ್ತದೆ. ಈ ಮೂರೂ ಹೆಸರುಗಳ ಹಿಂದೆ ಇರುವ ಊರಿನ ಒಳಭಾಗ, ಅಂದರೆ ಹಳೆಯ ಓಣಿಗಳು, ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಭಕ್ತರು ಮಠಕ್ಕೆ ಬಂದು ದರ್ಶನಾಶೀರ್ವಾದ ಪಡೆದು ಮರಳುತ್ತಾರೆ. ಮಠದ ಸುತ್ತಲಿನ ಜನಜೀವನವನ್ನು ಅರಿಯದೆ ಮಠದ ಕಾರ್ಯವನ್ನೂ ಪೂರ್ಣವಾಗಿ ಅರಿಯಲಾಗದು ಎಂಬ ಕಾರಣದಿಂದ ಈ ಲೇಖನ.

ಇಳಕಲ್ಲ ಬಹುಕಾಲ ಹುನಗುಂದ ತಾಲೂಕಿನ ಊರಾಗಿತ್ತು; ಈಚಿನ ವರ್ಷಗಳಲ್ಲಿ ತಾನೇ ತಾಲೂಕು ಕೇಂದ್ರವಾಗಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ಏಕೀಕರಣದಲ್ಲಿ ಮೈಸೂರು ರಾಜ್ಯಕ್ಕೆ ಬಂದು, 1997ರವರೆಗೆ ವಿಜಾಪುರ ಜಿಲ್ಲೆಯಲ್ಲಿದ್ದು, ಆ ಬಳಿಕ ಬಾಗಲಕೋಟೆ ಜಿಲ್ಲೆಯ ಭಾಗವಾಯಿತು. ಬಸವಣ್ಣನವರು ಐಕ್ಯರಾದ ಕೂಡಲಸಂಗಮವೂ, ಅಯ್ಯಾವೊಳೆ ಐನೂರ್ವರೆಂಬ ವಣಿಕ ಸಂಘಕ್ಕೆ ಹೆಸರು ಕೊಟ್ಟ ಐಹೊಳೆಯೂ ಇದೇ ಸೀಮೆಯಲ್ಲಿವೆ. ಕಪ್ಪು ಎರೆಮಣ್ಣಿನ ಹೊಲ, ಹತ್ತಿ ಬೆಳೆ, ವ್ಯಾಪಾರದ ಹಾದಿ ಈ ಮೂರು ಕೂಡಿದೆಡೆ ನೇಕಾರಿಕೆ ಬೇರೂರಿದ್ದು ಸಹಜವೇ ಆಗಿದೆ.

ದಕ್ಷಿಣದ ಜಿಲ್ಲೆಗಳಲ್ಲಿ ಬೀದಿ ಎನ್ನುವುದನ್ನು ಇಲ್ಲಿ ಓಣಿ ಎನ್ನುತ್ತಾರೆ. ಆದರೆ ಓಣಿಯೆಂದರೆ ಕೇವಲ ನಡೆದಾಡುವ ದಾರಿಯಲ್ಲ. ಎದುರುಬದುರಿನ ಮನೆಗಳು, ಆ ಮನೆಗಳ ಮುಂದಿನ ಕಟ್ಟೆಗಳು, ಒಂದು ಗುಡಿ, ಒಂದು ಬೇವಿನ ಮರ, ಒಬ್ಬಿಬ್ಬರು ಹಿರಿಯರ ಮಾತು ಇವೆಲ್ಲ ಕೂಡಿದರೆ ಓಣಿ. ವಾಸದ ಗುರುತು ಹೇಳುವಾಗ ಮನೆಯ ಸಂಖ್ಯೆಯನ್ನು ಯಾರೂ ಹೇಳುತ್ತಿರಲಿಲ್ಲ. ಇಂಥ ಓಣಿಯವರು, ಇಂಥ ಮನೆತನದವರು ಎಂದರೆ ಸಾಕಾಗುತ್ತಿತ್ತು. ಓಣಿಯ ಮಕ್ಕಳಿಗೆ ಎಲ್ಲ ಮನೆಗಳಲ್ಲಿಯೂ ಕಾಕಾ, ಅತ್ತಿ, ಆಯಿ ಇರುತ್ತಿದ್ದರು. ತಪ್ಪು ಮಾಡಿದ ಹುಡುಗನಿಗೆ ಯಾವ ಮನೆಯ ಹಿರಿಯರಾದರೂ ಬುದ್ಧಿ ಹೇಳಬಹುದಾಗಿತ್ತು.

ಮೇಲ್ಮುದ್ದೆಯ ಮನೆ

ಹಳೆಯ ಓಣಿಯ ಮನೆಗೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ. ಈ ಮಾಳಿಗೆಯನ್ನೇ ಮೇಲ್ಮುದ್ದೆ ಎನ್ನುವುದು. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ಸೊಪ್ಪು, ಕೊನೆಗೆ ತುಳಿದು ಹದಮಾಡಿದ ಮಣ್ಣು. ಮೇಲ್ಪದರಕ್ಕೆ ಸವಳು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಲವಣಾಂಶವುಳ್ಳ ಆ ಮಣ್ಣು ನೆನೆದೊಡನೆ ಹರಳುಗಳ ನಡುವಿನ ಸಂದುಗಳನ್ನು ಮುಚ್ಚಿಕೊಂಡು ನೀರನ್ನು ಒಳಗಿಳಿಯಗೊಡದು. ಕೃಷಿಗೆ ಕೆಟ್ಟದೆನಿಸಿದ ಮಣ್ಣು ಮಾಳಿಗೆಗೆ ಒಳ್ಳೆಯದಾದದ್ದು ಹಿರಿಯರ ಅನುಭವದ ಫಲ. ಮುಂಗಾರಿಗೆ ಮೊದಲು ಪ್ರತಿವರ್ಷ ಮಾಳಿಗೆ ಹತ್ತಿ ಬಿರುಕು ಮುಚ್ಚುವುದು ಮನೆಯವರ ಕರ್ತವ್ಯವಾಗಿತ್ತು. ಒಂದು ವರ್ಷ ಮರೆತರೆ ಶ್ರಾವಣದಲ್ಲಿ ಮನೆಯ ಪಾತ್ರೆಗಳೆಲ್ಲ ಸೋರುವ ನೀರಿಗೇ ಬೇಕಾಗುತ್ತಿದ್ದವು.

ಒಳಗೆ ಪಡಸಾಲೆ, ಅಡುಗೆಮನೆ, ದೇವರ ಜಗುಲಿ, ಗೋಡೆಯಲ್ಲಿ ದೀಪವಿಡುವ ಮಾಡ. ಕಿಟಕಿಗಳು ಕಡಿಮೆ, ಬೆಳಕು ಮೇಲಿನ ಬೆಳಕಿಂಡಿಯಿಂದ ಇಳಿಯುತ್ತಿತ್ತು. ಉಳ್ಳವರ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು. ಬೇಸಿಗೆಯ ಉರಿಯಲ್ಲಿಯೂ ಇಂಥ ಮನೆ ತಂಪಾಗಿರುವುದನ್ನು ಬಲ್ಲವರೇ ಬಲ್ಲರು.

ನೇಕಾರನ ಪಡಸಾಲೆಯಲ್ಲಿ ಇನ್ನೊಂದು ವಿಶೇಷ: ಕುಣಿಮಗ್ಗ. ನೆಲದಲ್ಲಿ ಕುಣಿ ತೆಗೆದು ತುಳಿಯುವ ಹಲಗೆಗಳನ್ನು ಅದರೊಳಗೆ ಇಳಿಬಿಟ್ಟು, ನೇಯುವವನು ನೆಲದ ಮಟ್ಟದಲ್ಲಿ ಕುಳಿತು ಕಾಲನ್ನು ಕುಣಿಯೊಳಗೆ ಚಾಚುತ್ತಾನೆ. ಸೆಗಣಿ ಸಾರಿಸಿದ ಮಣ್ಣಿನ ನೆಲದ ತೇವ ಹಾಸಿನ ನೂಲಿಗೆ ತಾಗುವುದರಿಂದ ಹತ್ತಿಯ ಎಳೆ ಬೇಗ ಹರಿಯದು. ಮಗ್ಗ ತಗ್ಗಿನಲ್ಲಿರುವುದರಿಂದ ಮಾಳಿಗೆ ಗಿಡ್ಡವಾದರೂ ಅಡ್ಡಿಯಿಲ್ಲ. ಮನೆ ಮಗ್ಗಕ್ಕೆ ಹೊಂದಿತೋ ಮಗ್ಗ ಮನೆಗೆ ಹೊಂದಿತೋ ಹೇಳುವುದು ಕಷ್ಟ. ಒಂದನ್ನು ಬದಲಿಸಿದರೆ ಇನ್ನೊಂದು ಉಳಿಯದು ಎಂಬುದಂತೂ ಈಗ ಕಣ್ಣಮುಂದಿರುವ ಸತ್ಯ.

ಓಣಿಯೂ ಕಾಯಕದ ಸ್ಥಳವೇ ಆಗಿತ್ತು. ಹತ್ತಿ ನೂಲಿನ ಹಾಸನ್ನು ಉದ್ದಕ್ಕೆ ಚಾಚಿ ಗಂಜಿ ಹಚ್ಚಿ ಕುಂಚದಿಂದ ತೀಡಲು ಮನೆಯೊಳಗೆ ಜಾಗ ಸಾಲದು. ಬಿಸಿಲೇರಿದರೆ ಗಂಜಿ ತೀಡುವ ಮೊದಲೇ ಒಣಗಿಬಿಡುತ್ತದೆ. ಆದಕಾರಣ ನಸುಕಿನಲ್ಲಿಯೇ ನೆರೆಹೊರೆಯವರು ಕೂಡಿ ಆ ಕೆಲಸ ಮುಗಿಸುತ್ತಿದ್ದರು. ಇಂದು ನನ್ನ ಹಾಸು, ನಾಳೆ ನಿನ್ನ ಹಾಸು.

ಸೆರಗಿನ ಜೋಡಣೆ, ಹೆಣ್ಣಿನ ದುಡಿಮೆ

ಇಳಕಲ್ಲ ಸೀರೆಯ ವೈಶಿಷ್ಟ್ಯ ಅದರ ಬಣ್ಣದಲ್ಲಿಲ್ಲ, ಜೋಡಣೆಯಲ್ಲಿದೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಕೆಂಪು ಎಳೆಗೆ ಕುಣಿಕೆಯಾಗಿ ಸಿಕ್ಕಿಸಬೇಕು. ಇದೇ ತೋಪ ತೆನಿ ಸೆರಗು. ದಡಿ ಮತ್ತು ಮೈ ಕೂಡುವಲ್ಲಿ ಹೊಕ್ಕಿನ ಎಳೆಗಳನ್ನು ಒಂದಕ್ಕೊಂದು ಕೊಂಡಿಯಾಗಿ ಹೆಣೆಯಲು ಮೂರು ಲಾಳಿಗಳು ಬೇಕು. ಪ್ರತಿ ಸೀರೆಗೂ ಹೊಸ ಜೋಡಣೆ ಬೇಕಾದುದರಿಂದ ಹಾಸನ್ನೂ ಒಂದು ಸೀರೆಯ ಅಳತೆಗೇ ಸಿದ್ಧಪಡಿಸಬೇಕು. ಉದ್ದನೆಯ ಒಂದೇ ಹಾಸಿನ ಮೇಲೆ ಸಾಲಾಗಿ ನೇಯುತ್ತ ಹೋಗಲಾಗದು. ದಡಿಗಳಿಗೆ ಚಿಕ್ಕಿ, ಗೋಮಿ, ಗಾಡಿ, ಪರಾಸಪೇಟ ಎಂಬ ಹೆಸರುಗಳಿವೆ. ಸೆರಗಿನ ಮೇಲೆ ಬಾಚಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲು ಮೂಡುತ್ತವೆ. ಎಲ್ಲವೂ ಈ ಸೀಮೆಯ ಕಣ್ಣಿಗೆ ಕಂಡವೇ.

ಈ ಸಿದ್ಧತೆಯ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿ ಆಗುತ್ತದೆ. ನೂಲು ಸುತ್ತುವುದು, ರಾಟೆಯ ಮೇಲೆ ಕಂಡಿಕೆ ತುಂಬುವುದು, ಎಳೆಗೆ ಎಳೆ ಕೂಡಿಸುವುದು. ಆದರೆ ಕೂಲಿಯ ಲೆಕ್ಕ ಮಾತ್ರ ಮಗ್ಗದ ಮೇಲೆ ಕುಳಿತವನ ಹೆಸರಿನಲ್ಲಿ. ಜೇಡರ ದಾಸಿಮಯ್ಯನವರ ಕಾಯಕವನ್ನು ಕೊಂಡಾಡುವಾಗ ಅವರ ಧರ್ಮಪತ್ನಿ ದುಗ್ಗಳೆಯವರನ್ನೂ ಶರಣೆಯಾಗಿ, ವಚನಕಾರ್ತಿಯಾಗಿ ಸ್ಮರಿಸುವ ಪರಂಪರೆ ನಮ್ಮದು. ಆ ಸ್ಮರಣೆ ಓಣಿಯ ಲೆಕ್ಕದ ಪುಸ್ತಕಕ್ಕೆ ಇಳಿಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ನೂಲು ಸಾಹುಕಾರರದು, ನಮೂನೆ ಸಾಹುಕಾರರದು, ಮಾರಾಟವೂ ಅವರದೇ. ನೇಕಾರನಿಗೆ ಸೀರೆಗಿಷ್ಟು ಎಂದು ಮಜೂರಿ. ಮಗಳ ಮದುವೆಗೋ ಔಷಧಕ್ಕೋ ಮುಂಗಡ ಪಡೆದವನು ಅದು ತೀರುವತನಕ ಬೇರೆಯವರಿಗೆ ನೇಯುವಂತಿಲ್ಲ. ದಿನವಿಡೀ ಕುಣಿಯಲ್ಲಿ ಕಾಲಿಟ್ಟು ಬೆನ್ನು ಬಾಗಿಸಿ ದುಡಿದವನಿಗೆ ಸಂಜೆ ನೋವು ಮರೆಯುವ ಸುಲಭದ ದಾರಿಯಾಗಿ ಸೆರೆ, ಬೀಡಿ, ತಂಬಾಕು ಓಣಿಯೊಳಗೆ ಬಂದವು. ವ್ಯಸನವನ್ನು ದುರ್ಗುಣವೆಂದಷ್ಟೇ ನೋಡಿದವರಿಗೆ ಈ ಬೇರು ಕಾಣದು.

ಜೋಳಿಗೆ ದಾಟಿದ ಗೆರೆ

ನೇಕಾರಿಕೆ ಇಲ್ಲಿ ಒಂದೇ ಸಮುದಾಯದ ಸೊತ್ತಲ್ಲ. ಈ ಸೀಮೆಯಲ್ಲಿ ಕುರುಹಿನಶೆಟ್ಟಿ, ಹಟಗಾರ, ದೇವಾಂಗ, ಪದ್ಮಸಾಲಿ, ಸ್ವಕುಳಸಾಳಿ ಸಮಾಜದವರೂ ಮುಸಲ್ಮಾನ ಬಾಂಧವರೂ ಮಗ್ಗ ಹೂಡಿದ್ದಾರೆ. ಮಠವಿರುವ ಊರಲ್ಲೇ ಮುರ್ತುಜಾ ಖಾದ್ರಿಯವರ ದರ್ಗಾ ಇದೆ. ಹೀಗಿದ್ದರೂ ಓಣಿಯ ಸೌಹಾರ್ದವನ್ನು ನೆನೆಯುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಉತ್ತರ ಕರ್ನಾಟಕದ ಎಲ್ಲ ಹಳೆಯ ಊರುಗಳಂತೆ ಇಲ್ಲಿಯೂ ಓಣಿಗಳು ಜಾತಿಯಿಂದ ಬೇರ್ಪಟ್ಟಿದ್ದವು. ದಲಿತರ ಕೇರಿ ಊರ ಅಂಚಿನಲ್ಲಿತ್ತು. ಓಣಿಯ ಕಟ್ಟೆ ಎಲ್ಲರಿಗೂ ಕಟ್ಟೆಯಾಗಿರಲಿಲ್ಲ. ಕಲ್ಯಾಣದಲ್ಲಿ ಶರಣರು ಅಳಿಸಲೆಳಸಿದ ಗೆರೆ, ಶರಣರನ್ನು ಪೂಜಿಸುವ ಊರುಗಳಲ್ಲಿಯೇ ಉಳಿದುಕೊಂಡಿತ್ತು.

ಪರಮಪೂಜ್ಯ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಜಂಗಮರು ಭಿಕ್ಷೆಗೆ ಬಂದರೆ ಜೋಳ, ಹಿಟ್ಟು ನೀಡುವುದು ಓಣಿಯ ರೂಢಿ. ಪೂಜ್ಯರು ಆ ಜೋಳಿಗೆಯನ್ನೇ ಹಿಡಿದು, ಕಾಳು ಬೇಡ, ನಿಮ್ಮ ದುಶ್ಚಟಗಳನ್ನು ಹಾಕಿರಿ ಎಂದು ಬೇಡಿದರು. ಬೀಡಿಕಟ್ಟು, ತಂಬಾಕಿನ ಚೀಟಿ, ಮುಂದೆ ಗುಟ್ಕಾ ಪೊಟ್ಟಣಗಳು ಜೋಳಿಗೆಗೆ ಬಿದ್ದವು. ಜೋಳಿಗೆ ಹಿಡಿದ ಪಾದಗಳು ಓಣಿಯಲ್ಲಿಯೇ ನಿಲ್ಲದೆ ದಲಿತರ ಕೇರಿಗಳಿಗೂ ನಡೆದವು. ಮಠಾಧೀಶರು ಬೇಡುವವರಾಗಿ ಕೇರಿಯ ಮನೆಯ ಬಾಗಿಲಲ್ಲಿ ನಿಂತದ್ದು, ಎಷ್ಟು ಜನ ಕುಡಿತ ಬಿಟ್ಟರು ಎಂಬ ಲೆಕ್ಕಕ್ಕಿಂತ ಕಡಿಮೆಯದಲ್ಲ. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಾಗುತ್ತಿದೆ.

ಈಗಿನ ಸ್ಥಿತಿ

ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಕಾಯ್ದಿರಿಸಿದ 1985ರ ಕೇಂದ್ರ ಕಾಯ್ದೆಯೂ ಇದೆ. ಆದರೂ ವಿದ್ಯುತ್ ಮಗ್ಗದ ಅಗ್ಗದ ಸೀರೆ ಅದೇ ಹೆಸರಿನಲ್ಲಿ ಪೇಟೆಗೆ ಬರುತ್ತದೆ. ಕೊಳ್ಳುವವರು ಸೆರಗು ಮೈಗೆ ಕೂಡುವ ಸಾಲನ್ನು ತಿರುಗಿಸಿ ನೋಡಿದರೆ ಕುಣಿಕೆಗಳ ಗುರುತು ಕೈಗೆ ಸಿಗುತ್ತದೆ. ಬರಿಯ ಅಚ್ಚಿನ ಸೀರೆಯಲ್ಲಿ ಅದು ಸಿಗದು. ನೇಕಾರರ ಮಕ್ಕಳು ಗ್ರಾನೈಟ್ ಕೆಲಸಕ್ಕೆ, ಅಂಗಡಿಗೆ, ದೂರದ ನಗರಗಳಿಗೆ ಹೋಗುತ್ತಿದ್ದಾರೆ. ಅವರನ್ನು ದೂರುವ ಹಕ್ಕು ಮಜೂರಿ ಹೆಚ್ಚಿಸದ ನಮಗಿಲ್ಲ.

ಅಣ್ಣತಮ್ಮಂದಿರ ಪಾಲಿನಲ್ಲಿ ಪಡಸಾಲೆಯ ನಡುವೆ ಗೋಡೆ ಏಳುತ್ತದೆ, ಕುಣಿ ಮುಚ್ಚಿ ಫರ್ಶಿ ಹಾಕಲಾಗುತ್ತದೆ, ಮೇಲ್ಮುದ್ದೆ ಇಳಿಸಿ ಸಿಮೆಂಟಿನ ಚಾವಣಿ ಹಾಕಲಾಗುತ್ತದೆ. ಮಳೆಗೆ ಸೋರದ ಸೂರು ಬೇಕೆಂಬ ಆಸೆ ನ್ಯಾಯವಾದುದೇ. ಹಳೆಯ ಮನೆಯನ್ನು ಉಳಿಸಿಕೊಳ್ಳಬೇಕೆಂದಿರುವವರು ಮಾತ್ರ ಎರಡು ಸಂಗತಿಗಳನ್ನು ತಿಳಿದಿರುವುದು ಒಳಿತು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೆ ಒಳಗಿನ ತೇವ ಹೊರಬಾರದೆ ಗೋಡೆಯೇ ಸಡಿಲಾಗುತ್ತದೆ; ಸುಣ್ಣ ಅಥವಾ ಮಣ್ಣಿನ ಗಿಲಾವೇ ತಕ್ಕದು. ಇನ್ನೊಂದು, ವರ್ಷವರ್ಷ ಮಣ್ಣು ಹೇರುತ್ತ ಹೋದ ಮಾಳಿಗೆಯ ಭಾರ ಜಂತಿ ತಾಳದಷ್ಟಾಗಿರುತ್ತದೆ. ಹೊಸ ಮಣ್ಣು ಹಾಕುವ ಮುನ್ನ ಹಳೆಯ ಪದರವನ್ನು ಕೆರೆದು ತೆಗೆದು, ಗೋಡೆಯೊಳಗೆ ಸೇರಿದ ತೊಲೆಯ ತುದಿಗಳನ್ನು ಗೆದ್ದಲು ಹಿಡಿದಿದೆಯೇ ಎಂದು ಬಡಿದು ನೋಡಬೇಕು. ಈ ಕೆಲಸ ಬಲ್ಲ ಹಿರಿಯರು ಓಣಿಗೊಬ್ಬರಾದರೂ ಇದ್ದಾರೆಯೇ ಎಂದು ಮುಂದಿನ ಮುಂಗಾರಿಗೆ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.