ರೈತ ತೋಡಿದ ಗುಂಡಿ, ನ್ಯೂಟಿನ ಮನೆ

ಇತಿಹಾಸ ಅಂದ್ರೆ ಕೋಟೆ, ಶಾಸನ, ಯುದ್ಧ ಅಂತಲೇ ಓದಿಕೊಂಡು ಬಂದವರು ನಾವು. ಹೊಲದ ಮೂಲೆಯ ಗುಂಡಿಗೂ ಒಂದು ಇತಿಹಾಸ ಇರುತ್ತೆ ಅಂತ ನನಗೆ ಹೊಳೆದದ್ದು ಇಂಗ್ಲೆಂಡಿನ ಚೆಷೈರ್ ಸೀಮೆಯ ಕೊಳಗಳ ಬಗ್ಗೆ ಓದುವಾಗ.

ಅಲ್ಲಿ ಹೊಲಗಳ ನಡುವೆ ಸಾವಿರಾರು ಪುಟ್ಟ ಕೊಳಗಳಿವೆ. ಬಹುಪಾಲು ಮನುಷ್ಯರೇ ತೋಡಿದವು. ಮಾರ್ಲ್ ಎಂಬ ಸುಣ್ಣದಂಶದ ಜೇಡಿಮಣ್ಣನ್ನು ಅಗೆದು ಹುಳಿಮಣ್ಣಿನ ಹೊಲಕ್ಕೆ ಹರಡುತ್ತಿದ್ದರು. ನಮ್ಮಲ್ಲಿ ಕೆರೆಯ ಗೋಡುಮಣ್ಣು ಹೊಡೆಸ್ತಾರಲ್ಲ, ಹಾಗೆ. ಮಧ್ಯಯುಗದಿಂದ 19ನೇ ಶತಮಾನದವರೆಗೂ ನಡೆದ ಕೆಲಸ ಇದು. ಅಗೆದ ಗುಂಡಿಯಲ್ಲಿ ನೀರು ನಿಂತಿತು, ದನಗಳು ಕುಡಿಯಲು ಬಂದವು. ಜೊತೆಗೆ ನ್ಯೂಟ್ ಕೂಡ ಬಂತು.

ನ್ಯೂಟ್ ನೋಡೋಕೆ ಹಲ್ಲಿ, ಆದರೆ ಕಪ್ಪೆಯ ನಂಟ. ಕರ್ನಾಟಕದಲ್ಲಿಲ್ಲ, ನಮ್ಮ ದೇಶದಲ್ಲಿ ಡಾರ್ಜಿಲಿಂಗ್ ಕಡೆ ಇದರ ಬಳಗದ್ದೊಂದಿದೆ. ಚೆಷೈರಿನ ಕೊಳಗಳಲ್ಲಿರುವ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಸುಮಾರು 15 ಸೆಂ.ಮೀ. ಉದ್ದ, ಹೊಟ್ಟೆ ಕಿತ್ತಳೆ ಬಣ್ಣ. ವಸಂತದಲ್ಲಿ ನೀರಿಗಿಳಿಯುತ್ತೆ, ಚಳಿಗಾಲವನ್ನು ಬೇಲಿಸಾಲು, ಕಲ್ಲುಮರದ ಸಂದಿಯಲ್ಲಿ ಕಳೆಯುತ್ತೆ.

ಮಾರ್ಲ್ ಗುಂಡಿ ಇದಕ್ಕೆ ಯಾಕೆ ಹಿಡಿಸಿತು? ಮೊದಲನೆಯದು, ನದಿಯ ಸಂಪರ್ಕವಿಲ್ಲ, ಹಾಗಾಗಿ ಮೀನು ಕಡಿಮೆ. ಇದರ ಮರಿಗಳು ಮರೆಯಿಲ್ಲದ ನೀರಲ್ಲಿ ಈಜುತ್ತವೆ; ಮೀನಿದ್ದರೆ ಉಳಿಯೋದು ಕಷ್ಟ. ಎರಡನೆಯದು, ಹೆಣ್ಣು ಒಂದೊಂದೇ ಮೊಟ್ಟೆಯನ್ನು ಜಲಸಸ್ಯದ ಎಲೆಯಲ್ಲಿ ಮಡಚಿಡುತ್ತೆ. ಆ ಗಿಡಕ್ಕೆ ಬಿಸಿಲು ಬೇಕು. ದನ ತುಳಿದು ಮೇಯುವ ದಂಡೆಯಲ್ಲಿ ಮರ ಏಳುವುದಿಲ್ಲ. ಮೂರನೆಯದು, ಅಕ್ಕಪಕ್ಕದಲ್ಲೇ ಹಲವು ಕೊಳ. ಒಂದು ಕೆಟ್ಟರೂ ಇನ್ನೊಂದಿದೆ. ನ್ಯೂಟಿಗೆ ಒಗ್ಗುವ ಕೊಳ ಯಾವುದೆಂದು ಅಳೆಯಲು ಅಲ್ಲಿನ ತಜ್ಞರು 2000ದಲ್ಲಿ 10 ಅಂಶಗಳ ಲೆಕ್ಕವೊಂದನ್ನು ಕೊಟ್ಟರು. ಅದರಲ್ಲಿ ಎಂದೂ ಬತ್ತದ ಕೊಳಕ್ಕಿಂತ ಅಪರೂಪಕ್ಕೆ ಬತ್ತುವ ಕೊಳಕ್ಕೇ ತುಸು ಹೆಚ್ಚು ಅಂಕ! ಬತ್ತಿದಾಗ ಮೀನು ಸಾಯುತ್ತೆ, ವರ್ಷಗಟ್ಟಲೆ ಬದುಕುವ ನ್ಯೂಟ್ ಮುಂದಿನ ವಸಂತಕ್ಕೆ ಕಾಯುತ್ತೆ.

ಆಮೇಲೆ ಚೀಲದಲ್ಲಿ ಗೊಬ್ಬರ ಬಂತು, ದನಕ್ಕೆ ನಲ್ಲಿನೀರು ಬಂತು. ಗುಂಡಿಯಿಂದ ರೈತನಿಗೆ ಉಪಯೋಗ ಮುಗಿಯಿತು. ಕೆಲವನ್ನು ಮುಚ್ಚಿ ಉತ್ತರು. ಕೆಲವಕ್ಕೆ ಮೀನು ಬಿಟ್ಟರು. ಸುಮ್ಮನೆ ಬಿಟ್ಟವುಗಳ ದಂಡೆಯಲ್ಲಿ ವಿಲ್ಲೋ ಮರ ಬೆಳೆದು, ಎಲೆ ಉದುರಿ, ಹೂಳು ತುಂಬಿತು.

1981ರ ಕಾಯ್ದೆ ನ್ಯೂಟಿಗೆ ರಕ್ಷಣೆ ಕೊಟ್ಟಿದೆ, ಒಳ್ಳೆಯದೇ. ಆದರೆ ಕಾಯ್ದೆ ಹೂಳೆತ್ತುವುದಿಲ್ಲ, ಮರ ಸವರುವುದಿಲ್ಲ. ಹಿಂದೆ ರೈತ ಮತ್ತು ಅವನ ದನ ತಮ್ಮ ಪಾಡಿಗೆ ಮಾಡಿಕೊಂಡಿದ್ದ ಕೆಲಸವನ್ನು ಈಗ ಸ್ವಯಂಸೇವಕರು ಗುದ್ದಲಿ, ಗರಗಸ ಹಿಡಿದು ಮಾಡಬೇಕಾಗಿದೆ.